ಬಿಸಿಲು ತಿಂದ ಪಾಲಿಯೆಸ್ಟರ್: ಬಣ್ಣ ನೋಡಿ ಮೋಸ ಹೋಗಬೇಡಿ

ನಮ್ಮ ಮನೆಯ ಮುಂದೆ ಬಿಳಿ ಬಟ್ಟೆಯ ಒಂದು ಮರೆ ಕಟ್ಟಿದ್ದೆವು. ಮೂರು ವರ್ಷ ನೆರಳು ಕೊಟ್ಟಿತು. ನೋಡಲು ಇನ್ನೂ ಹೊಸದರ ಹಾಗೇ ಇತ್ತು. ಒಂದು ದಿನ ಮೇಲೆ ನಿಂತಿದ್ದ ಎಲೆ ತಳ್ಳೋಣ ಅಂತ ಕೆಳಗಿನಿಂದ ಪೊರಕೆಯ ಹಿಡಿ ತಾಗಿಸಿದೆ. ಹಿಡಿ ಸೀದಾ ಬಟ್ಟೆಯನ್ನು ತೂರಿಕೊಂಡು ಆಚೆ ಬಂತು. ಅದೇ ಮನೆಯ ಕಿಟಕಿಯ ಪರದೆ ಬಣ್ಣವನ್ನೆಲ್ಲ ಕಳೆದುಕೊಂಡು ಬಿಳಿಚಿಕೊಂಡಿತ್ತು. ಅದನ್ನು ಇಬ್ಬರು ಹಿಡಿದು ಜಗ್ಗಿದರೂ ಹರಿಯಲಿಲ್ಲ. ಎರಡೂ ಪಾಲಿಯೆಸ್ಟರ್ ಬಟ್ಟೆಯೇ. ಬಿಸಿಲೂ ಒಂದೇ.

ಪಾಲಿಯೆಸ್ಟರ್‌ನಲ್ಲಿ ಬಣ್ಣ ಹೋಗುವುದು ಬೇರೆ, ಬಲ ಹೋಗುವುದು ಬೇರೆ. ಎರಡಕ್ಕೂ ಕಾರಣವಾಗುವ ಬೆಳಕೂ ಬೇರೆ. ಹಾಗಾಗಿ ಬರೀ ಕಣ್ಣಲ್ಲಿ ನೋಡಿ ತೀರ್ಪು ಕೊಡಬೇಡಿ. ಕೆಳಗೆ ಹೇಳಿರುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಕೈಬೆರಳು, ಒಂದು ತುಂಡು ಅಂಟು ಟೇಪ್, ಒಂದು ಲೋಟ ನೀರು ಸಾಕು.

## ಮೊದಲ ಪ್ರಶ್ನೆ: ಇದು ಪಾಲಿಯೆಸ್ಟರೇ ತಾನೇ?

ಬಿಸಿಲಿಗೆ ಹಾಳಾಗುವ ಪ್ಲಾಸ್ಟಿಕ್ ಎಲ್ಲ ಪಾಲಿಯೆಸ್ಟರ್ ಅಲ್ಲ. ಹಗುರವಾದ, ಮುಟ್ಟಿದರೆ ಪರಪರ ಅನ್ನುವ ನೀಲಿ ಟಾರ್ಪಾಲಿನ್ ಬಹುಮಟ್ಟಿಗೆ ಪಾಲಿಎಥಿಲೀನ್. ಅಗ್ಗದ ಹಗ್ಗ, ನೇಯ್ದ ಚೀಲ, ತೋಟದ ಕುರ್ಚಿಗಳಲ್ಲಿ ಪಾಲಿಪ್ರೊಪಿಲೀನ್ ಜಾಸ್ತಿ. ಅವುಗಳ ದೋಷ ಬೇರೆ, ಪರಿಹಾರವೂ ಬೇರೆ.

ಪತ್ತೆ ಮಾಡುವುದು ಸುಲಭ. ಉಗುರಿನಷ್ಟು ತುಂಡು ಕತ್ತರಿಸಿ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ ಅದನ್ನು ಅದ್ದಿ, ಬೆರಳಿನಿಂದ ಹಿಸುಕಿ ಗಾಳಿಗುಳ್ಳೆ ಹೊರಗೆ ಹಾಕಿ. ಸೋಪು ಹಾಕುವುದು ಅದಕ್ಕೇ. ಆಮೇಲೂ ತೇಲಿದರೆ ಅದು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಪಾಲಿಯೆಸ್ಟರ್ ಅಲ್ಲವೇ ಅಲ್ಲ. ಮುಳುಗಿದರೆ ಪಾಲಿಯೆಸ್ಟರ್ ಇರಬಹುದು. ಅದರ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು. ಆದರೆ ನೈಲಾನ್, ಪಿವಿಸಿ ಕೂಡ ಮುಳುಗುತ್ತವೆ. ಬಾಟಲಿ, ಡಬ್ಬಿಗಳಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇದ್ದರೆ ಅದು ಪೆಟ್, ಅಂದರೆ ಪಾಲಿಯೆಸ್ಟರ್. ಸುಟ್ಟು ನೋಡಿ ಗುರುತಿಸುವ ಹಳೆಯ ಉಪಾಯ ಬೇಡ. ಆ ತುಂಡು ಪಿವಿಸಿ ಆಗಿದ್ದರೆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ.

ನೀರಿನ ಬಾಟಲಿ, ಪಾರದರ್ಶಕ ಹಾಳೆ, ಅಂಗಿಯ ಬಟ್ಟೆ, ಲಾರಿಗೆ ಸರಕು ಬಿಗಿಯುವ ಬೆಲ್ಟು ಇವೆಲ್ಲ ಪೆಟ್ ಎಂಬ ಒಂದೇ ವಸ್ತು. ನಾವು ಫೈಬರ್ ಶೀಟ್ ಅನ್ನುವುದು ಗಾಜಿನ ನಾರಿಗೆ ಪಾಲಿಯೆಸ್ಟರ್ ರಾಳ ಕುಡಿಸಿ ಗಟ್ಟಿಮಾಡಿದ್ದು. ಕಿಟಕಿ ಚೌಕಟ್ಟು, ಗೇಟುಗಳ ಪೌಡರ್ ಕೋಟಿಂಗ್‌ನಲ್ಲೂ ಪಾಲಿಯೆಸ್ಟರ್ ಇರುತ್ತದೆ. ಈ ಮೂರನ್ನೂ ಬಿಸಿಲು ತಿನ್ನುತ್ತದೆ, ಆದರೆ ತಿನ್ನುವ ರೀತಿ ಬೇರೆ ಬೇರೆ.

## ಒಳಗೆ ನಡೆಯುವುದೇನು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಲಕ್ಷಣಗಳೆಲ್ಲ ಇಲ್ಲಿಂದಲೇ ಹುಟ್ಟುವುದು.

ಬೆಳಕಿನ ಅಲೆ ಚಿಕ್ಕದಾದಷ್ಟೂ ಅದರ ಏಟು ದೊಡ್ಡದು. 400 ನ್ಯಾನೋಮೀಟರಿಗಿಂತ ಚಿಕ್ಕ ಅಲೆಗಳು ಯುವಿ, ಅಂದರೆ ನೇರಳಾತೀತ ಕಿರಣ. ಸುಮಾರು 290ಕ್ಕಿಂತ ಚಿಕ್ಕವನ್ನು ಓಝೋನ್ ಪದರವೇ ತಡೆದುಬಿಡುತ್ತದೆ. ನಡುವೆ ಉಳಿದ ತುಣುಕಿನಲ್ಲಿ, ಸುಮಾರು 315ಕ್ಕಿಂತ ಕೆಳಗಿನ ಬೆಳಕನ್ನು ಪೆಟ್ ಗಬಗಬ ನುಂಗುತ್ತದೆ. 300 ನ್ಯಾನೋಮೀಟರಿನ ಬೆಳಕಿಗೆ ಮೋಲ್ ಒಂದಕ್ಕೆ (ಅಣುಗಳನ್ನೂ ಬೆಳಕಿನ ಕಣಗಳನ್ನೂ ಎಣಿಸುವ ದೊಡ್ಡ ಅಳತೆ ಅದು) ಸುಮಾರು 400 ಕಿಲೋಜೂಲ್ ಶಕ್ತಿ ಇದೆ. ಇಂಗಾಲ-ಇಂಗಾಲದ ಒಂಟಿ ಬಂಧ ಕಡಿಯಲು 350ರ ಆಸುಪಾಸು ಸಾಕು. ಹೀಗಾಗಿ ಉದ್ದನೆಯ ಅಣುಸರಪಳಿ ನಡುನಡುವೆ ತುಂಡಾಗುತ್ತಾ ಹೋಗುತ್ತದೆ. ಸರಪಳಿ ಗಿಡ್ಡವಾದಂತೆ ವಸ್ತು ಬಾಗುವುದನ್ನು ಮರೆತು ಮುರಿಯುವುದನ್ನು ಕಲಿಯುತ್ತದೆ.

ಪೆಟ್ ಈ ಬೆಳಕನ್ನು ಜೋರಾಗಿ ನುಂಗುವುದರಿಂದ ಅದು ಆಳಕ್ಕೆ ಇಳಿಯುವುದೇ ಇಲ್ಲ. ಪೆಟ್ಟೆಲ್ಲ ಮೇಲಿನ ತೆಳು ಚರ್ಮಕ್ಕೆ. ದಪ್ಪ ವಸ್ತುವಿಗೆ ಇದೇ ರಕ್ಷೆ. ತೆಳು ನೂಲಿಗೆ ಮಾತ್ರ ಚರ್ಮ ಬಿಟ್ಟರೆ ಬೇರೆ ಮೈಯೇ ಇಲ್ಲ ಅಲ್ವಾ? ಅದು ಪೂರ್ತಿ ಸಾಯುತ್ತದೆ.

ಈಗ ಪರದೆಯ ವಿಷಯ. ಸಾಧಾರಣ ಕಿಟಕಿ ಗಾಜು ಪೆಟ್‌ಗೆ ಅಪಾಯ ಮಾಡುವ ಆ ಚಿಕ್ಕ ಅಲೆಗಳನ್ನು ಬಹುಪಾಲು ತಡೆಯುತ್ತದೆ. ಉಳಿದ ಯುವಿ ಮತ್ತು ಕಣ್ಣಿಗೆ ಕಾಣುವ ಬೆಳಕು ಒಳಗೆ ಬಂದು ಬಣ್ಣವನ್ನು ತಿನ್ನುತ್ತವೆ. ನೂಲು ಉಳಿಯುತ್ತದೆ, ಬಣ್ಣ ಹೋಗುತ್ತದೆ. ಹೊರಗಿನ ಬಿಳಿ ಮರೆಯಲ್ಲಿ ಕಳೆದುಕೊಳ್ಳಲು ಬಣ್ಣವೇ ಇರಲಿಲ್ಲ. ನೂಲು ಮಾತ್ರ ಸತ್ತಿತ್ತು.

## ಎಲ್ಲ ಲಕ್ಷಣಕ್ಕೂ ಒಂದೇ ಅಳತೆಗೋಲು: ನೆರಳಿನ ತುಂಡು

ಯಾವ ವಸ್ತುವಿನಲ್ಲೂ ಬಿಸಿಲು ಬೀಳದ ಒಂದು ಜಾಗ ಇದ್ದೇ ಇರುತ್ತದೆ. ಬಟ್ಟೆಯ ಮಡಿಸಿ ಹೊಲಿದ ಅಂಚಿನ ಒಳಗೆ, ಸ್ಕ್ರೂವಿನ ವಾಷರ್ ಕೆಳಗೆ, ಬೆಲ್ಟಿನ ಬಕಲ್ ಹಿಂದೆ, ಒಂದರ ಮೇಲೊಂದು ಬಂದ ಶೀಟಿನ ಅಡಿಯಲ್ಲಿ. ಅದು ನಿಮ್ಮ ಹೊಸ ಮಾಲು. ವಯಸ್ಸು ಒಂದೇ, ಮಳೆ-ಶೆಕೆ ಹೆಚ್ಚೂಕಡಿಮೆ ಒಂದೇ, ಬಿಸಿಲು ಮಾತ್ರ ಇಲ್ಲ.

ಬಿಸಿಲಿನ ಭಾಗ ಹಾಳಾಗಿ ನೆರಳಿನ ಭಾಗ ಗಟ್ಟಿಯಾಗಿದ್ದರೆ ಕಳ್ಳ ಸೂರ್ಯನೇ. ಎರಡೂ ಕಡೆ ಒಂದೇ ರೀತಿ ದುರ್ಬಲವಾಗಿದ್ದರೆ ಬಿಸಿಲನ್ನು ಬೈಯಬೇಡಿ. ಬಿಸಿ ಮತ್ತು ತೇವ ಸೇರಿ ಪಾಲಿಯೆಸ್ಟರನ್ನು ಒಳಗಿನಿಂದ ಬಿಡಿಸುತ್ತವೆ. ಹಬೆ, ಕುದಿನೀರಿನ ಹತ್ತಿರ ಇರುವ ವಸ್ತುಗಳಲ್ಲಿ ಇದು ಸಾಮಾನ್ಯ. ಕ್ಷಾರವೂ ಹಾಗೇ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್, ಹಸಿ ಕಾಂಕ್ರೀಟು ತಾಗಿದ ಜಾಗ ಸವೆದು ತೆಳುವಾಗುತ್ತದೆ. ಒಂದೇ ಗೆರೆಯಲ್ಲಿ, ಅದೂ ಕಬ್ಬಿಣದ ಪೈಪ್ ತಾಗುವ ಕಡೆ ಮಾತ್ರ ಹರಿದಿದ್ದರೆ ಅದು ಉಜ್ಜಾಟ. ಪೈಪಿನ ಕಾವೂ ಜೊತೆಗೆ ಸೇರಿರುತ್ತದೆ.

## ಲಕ್ಷಣ: ಬಣ್ಣ ಮಾಸಿದೆ, ಬೇರೇನೂ ತೊಂದರೆ ಕಾಣುತ್ತಿಲ್ಲ

ಗಾಜಿನ ಹಿಂದಿರುವ ವಸ್ತುವಾದರೆ ಚಿಂತೆ ಬೇಡ. ಅಂದ ಕೆಟ್ಟಿದೆ, ಅಷ್ಟೇ.

ಹೊರಗಿರುವುದಾದರೆ ಮುಂದಿನ ಪರೀಕ್ಷೆಗಳನ್ನು ಮಾಡಿ. ಬಣ್ಣ ಮಾಸದಿದ್ದರೂ ಮಾಡಿ. ಕೆಲವು ಬಟ್ಟೆಗಳಲ್ಲಿ ನೂಲು ತೆಗೆಯುವಾಗಲೇ ಕರಗಿದ ಪ್ಲಾಸ್ಟಿಕ್‌ಗೆ ಬಣ್ಣ ಬೆರೆಸಿರುತ್ತಾರೆ. ಅಲ್ಲಿ ಬಣ್ಣ ನೂಲಿನ ಉದ್ದಗಲಕ್ಕೂ ಇರುವುದರಿಂದ ವರ್ಷಗಟ್ಟಲೆ ಮಾಸುವುದಿಲ್ಲ. ಒಳಗೆ ನೂಲು ಸೋತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ನನಗೆ ಕೇಳಿದರೆ ಮಾಸಿದ ಬಟ್ಟೆಗಿಂತ ಇಂಥ ಬಟ್ಟೆಯ ಮೇಲೇ ಅನುಮಾನ ಜಾಸ್ತಿ.

## ಲಕ್ಷಣ: ಬಟ್ಟೆ ಗಟ್ಟಿ ಇದೆ, ಹೊಲಿಗೆ ಬಿಚ್ಚುತ್ತಿದೆ

ಹೊರಾಂಗಣದ ಬಟ್ಟೆಯಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಇದೇ. ಹೊಲಿಗೆ ದಾರ ತೆಳು, ಬಟ್ಟೆಯ ಮೇಲೆ ಎದ್ದು ಕೂತಿರುತ್ತದೆ, ಲೇಪದ ರಕ್ಷಣೆಯೂ ಇಲ್ಲ. ಜೊತೆಗೆ ಗಾಳಿ ಬೀಸಿದಾಗ ಎಳೆತವೆಲ್ಲ ಅದರ ಮೇಲೇ.

ಬಿಸಿಲಿನ ಕಡೆಯ ಹೊಲಿಗೆಯ ಮೇಲೆ ಉಗುರಿನಿಂದ ಗೀರಿ. ದಾರ ಪುಡಿಪುಡಿಯಾಗಿ ಉದುರಿದರೆ ಅಥವಾ ಚಿಮಟದಿಂದ ಎತ್ತಿದಾಗ ಎಳೆದುಕೊಳ್ಳದೆ ಟಪ್ ಅಂತ ತುಂಡಾದರೆ ದಾರ ಸತ್ತಿದೆ. ಕೆಳಗಿನ ಕಡೆಯ ದಾರವನ್ನೂ ಹೀಗೇ ನೋಡಿ. ಅದು ಗಟ್ಟಿಯಿದ್ದರೆ ಲೆಕ್ಕ ಸ್ಪಷ್ಟ.

ಬಟ್ಟೆ ಮುಂದಿನ ಪರೀಕ್ಷೆಯಲ್ಲಿ ಪಾಸಾದರೆ ಮರುಹೊಲಿಗೆ ಮಾಡಿಸುವುದು ಲಾಭ. ಹಳೆಯ ತೂತುಗಳ ಮೇಲೇ ಹೊಲಿಸಬೇಡಿ, ಒಂದು ನೂಲಿನಷ್ಟು ಪಕ್ಕಕ್ಕೆ ಹಾಕಿಸಿ. ಯುವಿ ತಡೆಯುವ ದಪ್ಪ ಪಾಲಿಯೆಸ್ಟರ್ ದಾರ ಸಾಕಾಗುತ್ತದೆ. ಪಿಟಿಎಫ್‌ಇ ದಾರ ಸಿಕ್ಕರೆ ಇನ್ನೂ ಒಳ್ಳೆಯದು. ನಾನ್-ಸ್ಟಿಕ್ ಬಾಣಲೆಯ ಲೇಪದ ವಸ್ತುವೇ ಅದು. ಬಿಸಿಲು ಅದನ್ನು ಮುಟ್ಟುವುದಿಲ್ಲ. ಎಷ್ಟೋ ಸಲ ಬಟ್ಟೆ ಹೋದರೂ ಹೊಲಿಗೆ ಉಳಿಯುತ್ತದೆ.

## ಲಕ್ಷಣ: ಬಟ್ಟೆ ಸುಮ್ನೆ ಹರಿಯುತ್ತಿದೆ

ಮೊದಲು ಹೆಬ್ಬೆರಳು. ಬಿಸಿಲು ಜಾಸ್ತಿ ಬೀಳುವ ಮೇಲ್ಭಾಗದಲ್ಲಿ ಎರಡೂ ಹೆಬ್ಬೆರಳು ಒತ್ತಿ ಪಕ್ಕಕ್ಕೆ ಎಳೆಯಿರಿ. ಕಾಗದದಂತೆ ಬಿರುಕು ಬಿಟ್ಟರೆ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಬಟ್ಟೆ ತಂದುಕೊಳ್ಳಿ. ತೇಪೆ ಹಾಕುವುದರಲ್ಲಿ ಅರ್ಥವಿಲ್ಲ. ತೇಪೆ ಗಟ್ಟಿಯಾಗಿ ನಿಲ್ಲುತ್ತದೆ, ಪಕ್ಕದ ಬಟ್ಟೆ ಹರಿಯುತ್ತದೆ.

ಹರಿಯದಿದ್ದರೆ ಇನ್ನೊಂದು ಹೆಜ್ಜೆ. ಮಡಿಕೆಯ ಒಳಗಿನಿಂದ ಒಂದು ನೂಲು, ಬಿಸಿಲಿನ ಮಧ್ಯದಿಂದ ಒಂದು ನೂಲು ಬಿಡಿಸಿಕೊಳ್ಳಿ. ಎರಡನ್ನೂ ಒಂದೇ ಉದ್ದಕ್ಕೆ ಹಿಡಿದು ನಿಧಾನಕ್ಕೆ ಎಳೆಯಿರಿ. ಒಳ್ಳೆಯ ನೂಲು ಮೊದಲು ಸ್ವಲ್ಪ ಹಿಗ್ಗುತ್ತದೆ, ಬೆರಳಿಗೆ ಅದು ಗೊತ್ತಾಗುತ್ತದೆ, ಆಮೇಲೆ ಹರಿಯುತ್ತದೆ. ಬಿಸಿಲು ತಿಂದ ನೂಲು ಹಿಗ್ಗುವುದೇ ಇಲ್ಲ. ಈ ಹಿಗ್ಗು ಕಡಿಮೆಯಾಗುವುದೇ ಮುನ್ಸೂಚನೆ. ಐದಾರು ಜೊತೆ ನೂಲು ಎಳೆದು ನೋಡಿದರೆ ಅಂದಾಜು ಚೆನ್ನಾಗಿ ಸಿಗುತ್ತದೆ. ಒಂದೇ ನೂಲಿನಿಂದ ತೀರ್ಮಾನ ಬೇಡ.

ಮಬ್ಬು ಬಿಳಿ ಬಟ್ಟೆ ಹೊಳೆಯುವ ಬಟ್ಟೆಗಿಂತ ಬೇಗ ಹೋಗುವುದನ್ನು ಕಂಡರೆ ಆಶ್ಚರ್ಯ ಪಡಬೇಡಿ. ಹೊಳಪು ತಗ್ಗಿಸಲು ನೂಲಿಗೆ ಟೈಟೇನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಅದರ ಅನಟೇಸ್ ಎಂಬ ರೂಪ ಬೆಳಕು ಬಿದ್ದಾಗ ತಾನೇ ಪಕ್ಕದ ಪ್ಲಾಸ್ಟಿಕ್ಕನ್ನು ಕೆಡಿಸಲು ಶುರು ಮಾಡುತ್ತದೆ. ನಮ್ಮ ಮರೆಯದೂ ಇದೇ ಕಥೆ ಇರಬೇಕು.

## ಲಕ್ಷಣ: ಲೇಪವಿದ್ದ ಟಾರ್ಪಾಲಿನ್ ಸೆಟೆದು ಬಿರುಕು ಬಿಟ್ಟಿದೆ

ಭಾರದ, ರಬ್ಬರಿನಂಥ ಟಾರ್ಪಾಲಿನ್ ಒಳಗೆ ಪಾಲಿಯೆಸ್ಟರ್ ನೇಯ್ಗೆ, ಹೊರಗೆ ಪಿವಿಸಿ ಲೇಪ. ಇಲ್ಲಿ ಮೊದಲು ಸೋಲುವುದು ಪಿವಿಸಿ. ಅದನ್ನು ಮೆತ್ತಗೆ ಇಡುವ ಎಣ್ಣೆಯಂಥ ವಸ್ತು ಬಿಸಿಲಿಗೂ ಕಾವಿಗೂ ಹೊರಟುಹೋಗುತ್ತದೆ. ಲೇಪ ಪೆಡಸಾಗಿ ಬಿರಿಯುತ್ತದೆ. ಬಿರುಕಿನಲ್ಲಿ ಬಿಳಿ ನೂಲು ಇಣುಕುತ್ತಿಲ್ಲವಾದರೆ ಇನ್ನೂ ಸಮಯವಿದೆ. ಪಿವಿಸಿಗೆ ಹೊಂದುವ ಮೇಲ್ಲೇಪ ಹಚ್ಚಿ. ನೂಲು ಕಾಣುತ್ತಿದ್ದರೆ, ಅದರಲ್ಲೂ ಬಿರುಕಿನ ಸುತ್ತ ಕಪ್ಪು ಕಲೆ ಹರಡುತ್ತಿದ್ದರೆ, ನೀರು ನೂಲಿನ ಉದ್ದಕ್ಕೆ ಒಳಗೊಳಗೇ ಹೋಗುತ್ತಿದೆ ಅಂತ ಅರ್ಥ. ಆಗ ಮೇಲೆ ಬಳಿಯುವುದು ತೋರಿಕೆಗೆ ಮಾತ್ರ.

## ಲಕ್ಷಣ: ಬೆಲ್ಟು, ಹಗ್ಗ, ಸ್ಲಿಂಗ್ ಮೇಲೆ ನವಿರು ಎದ್ದಿದೆ

ಸ್ಲಿಂಗ್ ಅಂದರೆ ಭಾರಕ್ಕೆ ಸುತ್ತಿ ಎತ್ತುವ ಪಟ್ಟಿ. ಇಲ್ಲಿ ಮಾತು ಖಡಕ್ಕಾಗಿರಲಿ. ಮನುಷ್ಯನ ತೂಕ ಹೊರುವ ಅಥವಾ ತಲೆಯ ಮೇಲೆ ಭಾರ ಎತ್ತುವ ವಸ್ತುವಿಗೆ ಮನೆಯ ಪರೀಕ್ಷೆ ಮಾಡಬೇಡಿ. ಅನುಮಾನ ಬಂದರೆ ಬಳಕೆ ನಿಲ್ಲಿಸಿ. ಎಳೆದು ನೋಡಿ ಗಟ್ಟಿಯಿದೆ ಅನ್ನುವುದಕ್ಕೆ ಬೆಲೆಯಿಲ್ಲ. ಕೈಯ ಎಳೆತಕ್ಕೂ ಜಾರಿ ಬಿದ್ದ ಮನುಷ್ಯನ ಜಗ್ಗುವಿಕೆಗೂ ಅಜಗಜಾಂತರ.

ಕಣ್ಣಿಗೆ ಕಾಣುವ ಸೂಚನೆಗಳು ಇವು. ಮೇಲ್ಮೈಯಲ್ಲಿ ಮುರಿದ ಸಣ್ಣ ಎಳೆಗಳ ನವಿರು, ಬೆರಳಿಗೆ ಹತ್ತುವ ಪುಡಿ, ಬಾಗಿಸಿದಾಗ ಪೆಡಸು, ಬಕಲ್ ಹಿಂದಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ಭಾರಿ ವ್ಯತ್ಯಾಸ, ಒಡೆದ ಹೊಲಿಗೆ. ಚೀಟಿ ಓದಲು ಬಾರದಷ್ಟು ಅಳಿಸಿಹೋಗಿದ್ದರೂ ಸ್ಲಿಂಗನ್ನು ಬಳಕೆಯಿಂದ ತೆಗೆಯಬೇಕು. ಅದು ಎಷ್ಟು ಭಾರಕ್ಕೆ ಅಂತ ಹೇಳುವ ಸಾಕ್ಷಿಯೇ ಹೋಯಿತಲ್ಲ. ಅಂದಹಾಗೆ, ಯುರೋಪಿನ ಇಎನ್ 1492 ಮಾನದಂಡದ ಪ್ರಕಾರ ತಯಾರಾದ ಸ್ಲಿಂಗ್‌ಗಳಲ್ಲಿ ಚೀಟಿಯ ಬಣ್ಣವೇ ವಸ್ತುವನ್ನು ಹೇಳುತ್ತದೆ: ನೀಲಿ ಅಂದರೆ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್.

ಸರಕು ಕಟ್ಟುವ ಸಾಮಾನ್ಯ ಹಗ್ಗವಾದರೆ ಹುರಿಯನ್ನು ಸ್ವಲ್ಪ ಬಿಚ್ಚಿ ಒಳಗೆ ನೋಡಿ. ಹೊರಗೆ ಮಾಸಿ ಒಳಗೆ ಹೊಸದಿದ್ದರೆ ಪೆಟ್ಟು ಚರ್ಮದಲ್ಲೇ ನಿಂತಿದೆ. ದಪ್ಪ ಹಗ್ಗಕ್ಕೆ ಇದು ಸಣ್ಣ ನಷ್ಟ, ಸಣ್ಣ ಹಗ್ಗಕ್ಕೆ ದೊಡ್ಡದು. ಅದರಲ್ಲಿ ಚರ್ಮದ ಪಾಲೇ ಹೆಚ್ಚು. ಬಳಕೆಗೆ ಬಾರದ ಬೆಲ್ಟನ್ನು ಸುಮ್ಮನೆ ಮೂಲೆಗೆ ಎಸೆಯಬೇಡಿ. ಎರಡು ತುಂಡು ಮಾಡಿ. ಇಲ್ಲದಿದ್ದರೆ ಯಾರೋ ಎತ್ತಿಕೊಂಡು ಬಳಸುತ್ತಾರೆ.

## ಲಕ್ಷಣ: ಪಾರದರ್ಶಕ ಹಾಳೆ ಹಳದಿಯಾಗಿದೆ, ಬಾಗಿಸಿದರೆ ಸೀಳುತ್ತಿದೆ

ಪೆಟ್ ಹಾಳೆಯ ಪರೀಕ್ಷೆ ನನಗೆ ಬಹಳ ಇಷ್ಟ. ಪಟ್ಟಿಯಂತೆ ಎರಡು ತುಂಡು ಕತ್ತರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮೊದಲನೆಯದನ್ನು ಬಿಸಿಲು ಬಿದ್ದ ಮುಖ ಒಳಗೆ ಬರುವಂತೆ ಬಾಗಿಸಿ. ಎರಡನೆಯದನ್ನು ಆ ಮುಖ ಹೊರಗೆ ಬರುವಂತೆ ಬಾಗಿಸಿ. ಒಂದು ಸುಮ್ನೆ ಬಾಗುತ್ತದೆ, ಇನ್ನೊಂದು ಚಟ್ ಅಂತ ಮುರಿಯುತ್ತದೆ. ಒಂದೇ ಹಾಳೆ!

ಕಾರಣ ಆಗಲೇ ಹೇಳಿದ ಚರ್ಮ. ಬಿಸಿಲಿನ ಮುಖದಲ್ಲಿ ಪೆಡಸಾದ ಒಂದು ತೆಳು ಪದರ ಇದೆ. ಅದನ್ನು ಒಳಗೆ ಹಾಕಿ ಅಮುಕಿದರೆ ತಡೆದುಕೊಳ್ಳುತ್ತದೆ. ಹೊರಗೆ ಹಾಕಿ ಎಳೆದರೆ ಸಣ್ಣ ಬಿರುಕು ಹುಟ್ಟುತ್ತದೆ. ಆ ಬಿರುಕು ಕತ್ತರಿಯ ಗುರುತಿನಂತೆ ಕೆಲಸ ಮಾಡಿ ಕೆಳಗಿನ ಒಳ್ಳೆಯ ಪದರವನ್ನೂ ಸೀಳಿಕೊಂಡು ಹೋಗುತ್ತದೆ. ಎರಡೂ ಕಡೆ ಬಾಗಿಸಿದರೂ ಮುರಿದರೆ ದೋಷ ಬರೀ ಬಿಸಿಲಿನದಲ್ಲ. ಕಾವು-ತೇವ ಇಡೀ ಹಾಳೆಯನ್ನು ಕೆಡಿಸಿರಬಹುದು.

365 ನ್ಯಾನೋಮೀಟರಿನ ಯುವಿ ಟಾರ್ಚ್ ಇದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಬಿಸಿಲು ತಿಂದ ಪೆಟ್ ಕತ್ತಲೆಯಲ್ಲಿ ತನ್ನ ನೆರಳಿನ ಭಾಗಕ್ಕಿಂತ ಜಾಸ್ತಿ ನೀಲಿಯಾಗಿ ಹೊಳೆಯುತ್ತದೆ. ಬಟ್ಟೆಯ ಮೇಲೆ ಈ ಆಟ ನಡೆಯುವುದಿಲ್ಲ. ಬಿಳುಪು ಹೆಚ್ಚಿಸುವ ರಾಸಾಯನಿಕಗಳೂ, ಸೋಪಿನ ಪುಡಿಯೂ ನೀಲಿಯಾಗಿಯೇ ಹೊಳೆಯುತ್ತವೆ. ಟಾರ್ಚನ್ನು ಕಣ್ಣಿಗೆ ಬಿಡಬೇಡಿ.

ಹಳದಿಯನ್ನು ಉಜ್ಜಿ ತೆಗೆಯಬಹುದೇ? ಒಂದಿಷ್ಟು ಹೋಗುತ್ತದೆ. ಕಡಿದ ಸರಪಳಿ ಕೂಡುವುದಿಲ್ಲ.

## ಲಕ್ಷಣ: ಸೋಲಾರ್ ಪ್ಯಾನೆಲ್ ಹಿಂಭಾಗ ಪುಡಿ ಬಿಡುತ್ತಿದೆ

ಪ್ಯಾನೆಲ್‌ನ ಹಿಂದಿನ ಬಿಳಿ ಹಾಳೆಯಲ್ಲಿ ಪೆಟ್ ಪದರ ಇರುವುದು ಸಾಮಾನ್ಯ. ನೆಲದಿಂದ ಮರಳಿ ಚಿಮ್ಮುವ ಬೆಳಕೂ ಅದನ್ನು ತಿನ್ನುತ್ತದೆ. ಆ ಹಾಳೆಯೇ ವಿದ್ಯುತ್ ನಿರೋಧಕ. ಅದರಲ್ಲಿ ಬಿರುಕು ಕಂಡರೆ, ಅಥವಾ ಬೆಳಿಗ್ಗೆ ಇಬ್ಬನಿ ಇರುವಾಗ ಇನ್ವರ್ಟರ್ ನಿರೋಧನದ ದೋಷ ತೋರಿಸಿ ಬಿಸಿಲೇರಿದ ಮೇಲೆ ತಾನೇ ಸರಿಯಾಗುತ್ತಿದ್ದರೆ, ಮುಟ್ಟಬೇಡಿ. ಉಜ್ಜಬೇಡಿ, ಟೇಪ್ ಹಚ್ಚಬೇಡಿ, ನೀರು ಹಾಯಿಸಬೇಡಿ. ಬೆಳಕಿರುವ ತನಕ ಪ್ಯಾನೆಲ್ ವಿದ್ಯುತ್ ಮಾಡುತ್ತಲೇ ಇರುತ್ತದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಅದು ನೂರಾರು ವೋಲ್ಟ್ ಆಗಬಹುದು. ದೂರದಿಂದ ಫೋಟೋ ತೆಗೆದು ತಂತ್ರಜ್ಞರನ್ನು ಕರೆಯಿರಿ.

## ಲಕ್ಷಣ: ಫೈಬರ್ ಶೀಟ್, ತೊಟ್ಟಿ, ದೋಣಿಯ ಹೊಳಪು ಹೋಗಿ ಕೈಗೆ ಸುಣ್ಣದಂಥ ಪುಡಿ ಹತ್ತುತ್ತಿದೆ

ಮೊದಲೇ ಒಂದು ಎಚ್ಚರಿಕೆ. ಮಾಡಿನ ಫೈಬರ್ ಶೀಟ್ ಪರೀಕ್ಷಿಸಲು ಅದರ ಮೇಲೆ ಹತ್ತಬೇಡಿ. ಹಳೆಯ ಶೀಟ್ ನೋಡಲು ಗಟ್ಟಿ, ಕಾಲಿಟ್ಟರೆ ಕುಸಿಯುತ್ತದೆ. ಸ್ಕ್ರೂ ಸಾಲಿನ ಮೇಲೆ ಕಾಲಿಟ್ಟರೆ ಪರವಾಗಿಲ್ಲ ಅನ್ನುವ ಧೈರ್ಯವೂ ಬೇಡ. ಏಣಿಯಿಂದ ಅಂಚನ್ನು ನೋಡಿ, ಇಲ್ಲವೇ ಕೆಳಗಿನಿಂದ ನೋಡಿ.

ಪುಡಿ ಎಷ್ಟಿದೆ ನೋಡಲು ಪಾರದರ್ಶಕ ಟೇಪ್ ಒತ್ತಿ ಕಿತ್ತು ಕಪ್ಪು ಕಾಗದಕ್ಕೆ ಅಂಟಿಸಿ. ಬಣ್ಣದ ಉದ್ಯಮದಲ್ಲೂ ಹೀಗೇ ಅಳೆಯುತ್ತಾರೆ. ಐಎಸ್‌ಒ 4628 ಎಂಬ ಅಂತರರಾಷ್ಟ್ರೀಯ ಮಾನದಂಡದ 6ನೇ ಭಾಗ ಇದಕ್ಕೇ ಇದೆ. ಆಮೇಲೆ ಮೇಲ್ಮೈಗೆ ನೀರು ಸವರಿ. ಒದ್ದೆಯಿದ್ದಾಗ ಹಳೆಯ ಬಣ್ಣ ಮರಳಿ ಬಂದರೆ ಸಂತೋಷದ ಸುದ್ದಿ. ಪೆಟ್ಟು ಮೇಲ್ಪದರದಲ್ಲೇ ಇದೆ, ಉಜ್ಜಿ ಹೊಳಪು ಕೊಟ್ಟರೆ ಸರಿಹೋಗುತ್ತದೆ. ಒದ್ದೆಯಾದರೂ ಬಿಳಿಚಿಯೇ ಇದ್ದರೆ ಬಣ್ಣ ಆಳದ ತನಕ ಹೋಗಿದೆ, ಪೇಂಟ್ ಮಾಡುವುದೇ ದಾರಿ.

ದೋಣಿ, ತೊಟ್ಟಿಗಳ ಹೊರಮೈಯ ಬಣ್ಣದ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಕಳೆಯುತ್ತದೆ. ಅದಕ್ಕೇ ಮೆತ್ತನೆಯದರಿಂದ ಶುರುಮಾಡಿ. ಮೊದಲು ಸೋಪುನೀರು, ಆಮೇಲೆ ಪಾಲಿಶ್. ಅದಕ್ಕೆ ಬಗ್ಗದಿದ್ದರೆ ರಬ್ಬಿಂಗ್ ಕಾಂಪೌಂಡ್. ಅದೂ ಸಾಲದಿದ್ದರೆ ಮಾತ್ರ ನೀರುಕಾಗದ, ಅಂದರೆ ನೀರು ಹಾಕಿ ಉಜ್ಜುವ ನಯವಾದ ಮರಳುಕಾಗದ. 1000 ನಂಬರಿನಿಂದ 1500, ಅಲ್ಲಿಂದ 2000. ನಂಬರ್ ಹೆಚ್ಚಿದಷ್ಟೂ ನಯ. ಕೊನೆಗೆ ಮೇಣ ಹಚ್ಚದಿದ್ದರೆ ಪಟ್ಟ ಶ್ರಮ ಬೇಗನೆ ಮಾಸುತ್ತದೆ. ನೇರವಾಗಿ ಮರಳುಕಾಗದ ಹಿಡಿದು ಹೊರಟವರು ಪದರವನ್ನೇ ತೂತು ಮಾಡಿದ್ದನ್ನು ನೋಡಿದ್ದೇನೆ.

ಮೇಲ್ಮೈಯಲ್ಲಿ ಗಾಜಿನ ನಾರು ಕೂದಲಿನಂತೆ ಎದ್ದಿದ್ದರೆ ರಾಳ ಸವೆದು ನಾರು ಬತ್ತಲೆಯಾಗಿದೆ. ಕೈಯಿಂದ ಸವರಬೇಡಿ, ಚುಚ್ಚುತ್ತದೆ, ತುರಿಸುತ್ತದೆ. ಶೀಟ್ ಇನ್ನೂ ಬಿರಿಯದಿದ್ದರೆ ಒದ್ದೆ ಮಾಡಿ, ಗಡಸು ನೈಲಾನ್ ಬ್ರಷ್‌ನಿಂದ ಸಡಿಲ ನಾರು ತೆಗೆದು, ಪೂರ್ತಿ ಒಣಗಿಸಿ, ಯುವಿ ತಡೆಯುವ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಪಾರದರ್ಶಕ ಲೇಪ ಕೊಡಬಹುದು. ಕೈಗವಸು, ಕನ್ನಡಕ, ಎನ್95 ಮಟ್ಟದ ಮಾಸ್ಕ್ ಬೇಕೇ ಬೇಕು. ಒಣದಾಗಿ ಉಜ್ಜಿದರೆ ಗಾಜಿನ ದೂಳು ಗಾಳಿಯಲ್ಲೆಲ್ಲ ಏಳುತ್ತದೆ.

ಬಿಸಿಲಿನ ಮೇಲೆ ಸುಳ್ಳು ಆರೋಪ ಬರುವ ಎರಡು ದೋಷಗಳಿವೆ. ನೀರಿನೊಳಗೆ ಇರುವ ಭಾಗದಲ್ಲಿ ಗುಳ್ಳೆ ಎದ್ದಿದ್ದರೆ ಅದು ನೀರು ಪದರದೊಳಗೆ ಸೇರಿದ್ದರಿಂದ. ಒಂದು ಚುಕ್ಕೆಯಿಂದ ನಕ್ಷತ್ರದಂತೆ ಬಿರುಕು ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ ಅಥವಾ ಅಡಿಯಲ್ಲಿ ಆಸರೆ ಸಾಲದೆ ಬಾಗುತ್ತಿದೆ. ಇವೆರಡನ್ನೂ ಪಾಲಿಶ್ ಮಾಡಿ ಮುಚ್ಚುವುದು ತಪ್ಪು.

ಜೆಲ್‌ಕೋಟ್ ಹೊಸದಾಗಿ ಹಚ್ಚುವ ಯೋಚನೆ ಇದ್ದರೆ ಹಾರ್ಡನರ್, ಅಂದರೆ ರಾಳ ಗಟ್ಟಿಯಾಗಲು ಬೆರೆಸುವ ದ್ರವದ ಬಗ್ಗೆ ಗೊತ್ತಿರಲಿ. ಎಂಇಕೆಪಿ ಎಂಬ ಆ ದ್ರವ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಬಿದ್ದರೆ ತಕ್ಷಣ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರು ಹಾಯಿಸಿ, ನೇರ ಆಸ್ಪತ್ರೆಗೆ ಹೋಗಿ. ಅದನ್ನು ಕೋಬಾಲ್ಟ್ ವೇಗವರ್ಧಕದ ಜೊತೆ ನೇರವಾಗಿ ಬೆರೆಸಿದರೆ ಸಿಡಿಯಬಹುದು. ಕೆಲಸ ಮಾಡುವ ಜಾಗದಲ್ಲಿ ಗಾಳಿ ಆಡಲಿ, ಬೆಂಕಿ ಹತ್ತಿರ ಇರಬಾರದು. ಮೊದಲ ಸಲವಾದರೆ ಗೊತ್ತಿದ್ದವರಿಗೆ ಬಿಡುವುದೇ ಜಾಣತನ.

ಇನ್ನೊಂದು ಮಾತು. ಹೊಸ ಶೀಟೇ ಬೇಗ ಹಳದಿಯಾಯಿತು ಅನ್ನುವವರು ಅದನ್ನು ತಲೆಕೆಳಗಾಗಿ ಹಾಕಿದ್ದಾರೆಯೇ ನೋಡಬೇಕು. ಎಷ್ಟೋ ಶೀಟ್‌ಗಳಲ್ಲಿ ಯುವಿ ತಡೆಯುವ ಪದರ ಒಂದೇ ಮುಖಕ್ಕೆ ಇರುತ್ತದೆ. ಪಾಲಿಕಾರ್ಬೊನೇಟ್ ಶೀಟ್‌ಗಳಲ್ಲೂ ಇದೇ ತಪ್ಪು ನಡೆಯುತ್ತದೆ.

## ಲಕ್ಷಣ: ಗೇಟು, ಕಿಟಕಿ ಚೌಕಟ್ಟಿನ ಪೌಡರ್ ಕೋಟಿಂಗ್ ಬೂದಿಬಣ್ಣಕ್ಕೆ ತಿರುಗಿದೆ

ಕಪ್ಪು ಬಟ್ಟೆಯಿಂದ ಒರೆಸಿ. ಪುಡಿ ಹತ್ತಿ ಕೆಳಗೆ ಬಣ್ಣ ಕಂಡರೆ ಕಾರಿನ ಪಾಲಿಶ್, ಮೇಣ ಸಾಕು. ಹೊರಗೆ ಹಾಕಿದ ಹೊಸ ಕೋಟಿಂಗ್ ಒಂದೇ ವರ್ಷದಲ್ಲಿ ಪುಡಿ ಬಿಟ್ಟರೆ ಅದು ಎಪಾಕ್ಸಿ ಎಂಬ ಬೇರೆ ರಾಳ ಬೆರೆತ ಪೌಡರ್ ಇರಬಹುದು. ಅದು ಒಳಾಂಗಣದ ಮಾಲು. ಅಲ್ಯೂಮಿನಿಯಂಗೆ ಮಾಡುವ ಕೋಟಿಂಗ್‌ಗೆ ಕ್ವಾಲಿಕೋಟ್ ಎಂಬ ಗುಣಮಟ್ಟದ ಗುರುತಿದೆ. ಅದರ 1ನೇ ದರ್ಜೆಗೆ ಫ್ಲೋರಿಡಾದ ಬಿಸಿಲಲ್ಲಿ 1 ವರ್ಷ ಇಟ್ಟ ಮೇಲೆ, 2ನೇ ದರ್ಜೆಗೆ 3 ವರ್ಷ ಇಟ್ಟ ಮೇಲೆ ಕನಿಷ್ಠ ಅರ್ಧ ಹೊಳಪು ಉಳಿದಿರಬೇಕು. ಹೊಸದು ಮಾಡಿಸುವಾಗ ದರ್ಜೆ ಕೇಳಿ. ಲೋಹ ಕಾಣುವ ಮಟ್ಟಕ್ಕೆ ಹೋಗಿದ್ದರೆ ಪಾಲಿಶ್ ಬಿಟ್ಟು ಮರುಕೋಟಿಂಗ್ ಮಾಡಿಸಿ.

## ಮನೆಯ ಪರೀಕ್ಷೆ ಸಾಲದಿದ್ದಾಗ

ದೊಡ್ಡ ಮಾಡು, ದೊಡ್ಡ ಖರೀದಿ, ಗ್ಯಾರಂಟಿ ಜಗಳ ಇದ್ದಾಗ ಪ್ರಯೋಗಾಲಯಕ್ಕೆ ಕೊಡಬೇಕಾಗುತ್ತದೆ. ಬಿಸಿಲಿನ ತುಂಡು, ನೆರಳಿನ ತುಂಡು ಎರಡನ್ನೂ ಕೊಡಿ, ಯಾವ ಮುಖ ಸೂರ್ಯನ ಕಡೆ ಇತ್ತು ಅಂತ ಗುರುತು ಹಾಕಿ. ಇದನ್ನು ಮರೆತು ಕೊಟ್ಟ ವರದಿಗಳು ಉಪಯೋಗಕ್ಕೆ ಬರುವುದಿಲ್ಲ.

ಎಳೆದು ಹರಿಯುವ ಪರೀಕ್ಷೆಯಲ್ಲಿ ಬಲದ ಜೊತೆ ಹಿಗ್ಗನ್ನೂ ಕೇಳಿ. ಅಣುಸರಪಳಿಯ ಉದ್ದ ಅಳೆಯಲು ವಸ್ತುವನ್ನು ಕರಗಿಸಿ ಸ್ನಿಗ್ಧತೆ, ಅಂದರೆ ಆ ದ್ರವ ಎಷ್ಟು ಮಂದವಾಗಿ ಹರಿಯುತ್ತದೆ ಅಂತ ನೋಡುತ್ತಾರೆ. ದಪ್ಪ ಹಾಳೆಯನ್ನು ಇಡಿಯಾಗಿ ಕರಗಿಸಿದರೆ ಒಳಗಿನ ಒಳ್ಳೆಯ ಭಾಗ ಸೇರಿ ಸರಾಸರಿ ಚೆನ್ನಾಗಿಯೇ ಬರುತ್ತದೆ. ಮೇಲ್ಮೈಯನ್ನು ಕೆರೆದು ಅದನ್ನೇ ಪರೀಕ್ಷಿಸಲು ಹೇಳಿ. ಅವಕೆಂಪು ಬೆಳಕಿನಿಂದ ಮೇಲ್ಮೈಯನ್ನಷ್ಟೇ ನೋಡುವ ವಿಧಾನವೂ ಇದೆ. ಸರಪಳಿ ತುಂಡಾದ ಕಡೆ ಹುಟ್ಟುವ ಆಮ್ಲದ ತುದಿಗಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಮಾರುವವರು ಇಷ್ಟು ಗಂಟೆ ಯುವಿ ಪರೀಕ್ಷೆ ಆಗಿದೆ ಅಂದರೆ ಯಾವ ದೀಪ ಅಂತ ಕೇಳಿ. ಯುವಿಎ-340 ದೀಪ ಸೂರ್ಯನ ಯುವಿಗೆ ಹತ್ತಿರ. ಯುವಿಬಿ-313 ದೀಪದಲ್ಲಿ ಭೂಮಿಗೆ ಬಾರದ ಚಿಕ್ಕ ಅಲೆಗಳೂ ಇರುತ್ತವೆ. ಎರಡರ ಗಂಟೆಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

## ಹೊಸದು ಹಾಕುವ ದಿನ ಮಾಡಬೇಕಾದ್ದು

ಬಟ್ಟೆ ತಾಗುವ ಲೋಹದ ಪೈಪಿಗೆ ಬಿಳಿ ಬಣ್ಣ ಬಳಿಯಿರಿ ಅಥವಾ ಪಟ್ಟಿ ಸುತ್ತಿ. ಬೇಡದ ದಿನಗಳಲ್ಲಿ ಬಿಚ್ಚಿ ಒಳಗಿಡಿ. ಬೆಲ್ಟು, ಹಗ್ಗಗಳನ್ನಂತೂ ಬಿಸಿಲಲ್ಲಿ ಬಿಡಲೇಬೇಡಿ. ಮತ್ತೆ, ಉಳಿದ ಬಟ್ಟೆಯಲ್ಲೋ ಶೀಟಿನಲ್ಲೋ ಅಂಗೈ ಅಗಲದ ತುಂಡು ಕತ್ತರಿಸಿ, ಮೇಲೆ ತಾರೀಕು ಬರೆದು, ಕತ್ತಲ ಪೆಟ್ಟಿಗೆಯಲ್ಲಿ ಹಾಕಿಡಿ. ನಾನು ಈ ಸಲ ಹಾಗೇ ಮಾಡಿದ್ದೇನೆ. ವರ್ಷಕ್ಕೊಮ್ಮೆ ಆ ತುಂಡಿನಿಂದ ಒಂದು ನೂಲು, ಮೇಲಿನ ಮರೆಯಿಂದ ಒಂದು ನೂಲು ಎಳೆದು ನೋಡುತ್ತೇನೆ. ಪೊರಕೆಯ ಹಿಡಿ ತಾಗಿಸುವುದು ಆಮೇಲೆ.